ಸಕ್ಕರೆ ಅಳೆಯುವ ಸೆನ್ಸರ್ ಮತ್ತು ಸೂಕ್ಷ್ಮ ಚರ್ಮದ ಆರೈಕೆ

ಕಳೆದ ವರ್ಷದ ಶ್ರಾವಣ ಮಾಸದಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದವರು. ಇಪ್ಪತ್ತು ವರ್ಷಗಳಿಂದ ಮಧುಮೇಹ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಪತಿ ಲಿಂಗೈಕ್ಯರಾದ ಬಳಿಕ ಊರಿನ ಹಳೆಯ ಮನೆಯಲ್ಲಿ ಒಬ್ಬರೇ ವಾಸವಾಗಿದ್ದಾರೆ. ರಾತ್ರಿಯ ಹೊತ್ತು ರಕ್ತದ ಸಕ್ಕರೆ ಇಳಿದು ಒಮ್ಮೆ ಬಚ್ಚಲುಮನೆಯಲ್ಲಿ ಬಿದ್ದಿದ್ದರಿಂದ, ಬೆಂಗಳೂರಿನಲ್ಲಿರುವ ಮಗ ತಜ್ಞವೈದ್ಯರ ಸಲಹೆಯಂತೆ ತೋಳಿಗೆ ಅಂಟಿಸುವ ಸೆನ್ಸರೊಂದನ್ನು ಕೊಡಿಸಿದ್ದನು. ತಾಯಿಯ ಸಕ್ಕರೆಯ ಪ್ರಮಾಣವು ಅಲ್ಲಿ ಮಗನ ಮೊಬೈಲಿನಲ್ಲಿಯೂ ಕಾಣುವಂತೆ ವ್ಯವಸ್ಥೆಯಾಗಿತ್ತು.

ಕುಪ್ಪಸದ ತೋಳನ್ನು ಸ್ವಲ್ಪ ಸರಿಸಿ ಅವರು ಹೇಳಿದರು: “ಡಾಕ್ಟರ್ರ, ಇದಕ್ಕ ಸಕ್ಕರಿ ನೋಡೂ ಯಂತ್ರ ಅಂತಾರ. ನನಗ ಮಾತ್ರ ತುರಿಕಿ ಯಂತ್ರ ಆಗೇತಿ ನೋಡ್ರಿ.”

ಸೆನ್ಸರಿನ ಸುತ್ತ ಚರ್ಮ ಕೆಂಪಗಾಗಿತ್ತು. ನಾನು ಅದನ್ನು ಸಾಮಾನ್ಯ ಪಿತ್ತಪ್ರಕೋಪವೆಂದು ಭಾವಿಸಿ, ಸೆನ್ಸರ್ ಬದಲಿಸುವಾಗ ಆ ಜಾಗಕ್ಕೆ ಅರಿಶಿನ ಮತ್ತು ಶ್ರೀಗಂಧದ ಲೇಪವನ್ನು ಹಚ್ಚಿ ಒಣಗಿಸಿ, ಒರೆಸಿ, ಅನಂತರ ಹೊಸದನ್ನು ಅಂಟಿಸಿರೆಂದು ಹೇಳಿ ಕಳುಹಿಸಿದೆನು. ಮೂವತ್ತೈದು ವರ್ಷ ವೈದ್ಯವೃತ್ತಿ ಮಾಡಿದವನ ಆ ಸಲಹೆ ತಪ್ಪಾಗಿತ್ತು. ಮುಂದಿನ ಸೆನ್ಸರ್ ನಾಲ್ಕೇ ದಿನಗಳಲ್ಲಿ ಅಂಚು ಬಿಟ್ಟಿತು. ಅದರಾಚೆಯದು ಅಂಟಿದ ಮರುದಿನವೇ ತುರಿಸತೊಡಗಿ, ನೀರ್ಗುಳ್ಳೆಗಳೆದ್ದು ಒಸರಿತು. ಒಂದು ರಾತ್ರಿ ತಾಳಲಾರದೆ ಆ ತಾಯಿ ಅದನ್ನು ಕಿತ್ತೆಸೆದರು. ಮಗ ಫೋನು ಮಾಡಿ ಅಂಕಿಗಳು ಕಾಣುತ್ತಿಲ್ಲವಲ್ಲ ಎಂದು ಕೇಳಿದಾಗ, ಅವನಿಗೆ ಚಿಂತೆಯಾಗಬಾರದೆಂದು “ಇಲ್ಲಿ ನೆಟ್‌ವರ್ಕ್ ಸರಿ ಇಲ್ಲಪ್ಪ” ಎಂದುಬಿಟ್ಟರು. ನನಗೂ ತಿಳಿಸಲಿಲ್ಲ. ಮೂರನೆಯ ದಿನ ಬೆಳಗ್ಗೆ ಹಾಲು ತಂದ ಹುಡುಗನು ಬಾಗಿಲು ಬಡಿದು ಬಡಿದು ಬೇಸತ್ತು ನೆರೆಯವರನ್ನು ಕೂಗಿದನು. ಒಳಗೆ ಹೋಗಿ ನೋಡಿದರೆ ಮೈಯೆಲ್ಲ ಬೆವರು, ಪ್ರಜ್ಞೆ ಇಲ್ಲ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಕಣ್ತೆರೆದರು. ಇನ್ನೊಂದು ತಾಸು ತಡವಾಗಿದ್ದರೆ ಈ ಲೇಖನವನ್ನು ಬರೆಯುವ ಮನಸ್ಸು ನನಗೆ ಬರುತ್ತಿರಲಿಲ್ಲ.

ಒಂದು ತುರಿಕೆಯನ್ನು ನಾವು ಹಗುರವಾಗಿ ಕಂಡೆವು. ಅದು ಒಂದು ಜೀವಕ್ಕೆ ಎರವಾಗುವ ಹಂತಕ್ಕೆ ಹೋಯಿತು. ಆದುದರಿಂದಲೇ ಈ ತಿಂಗಳು ಈ ಸಣ್ಣ ಸಾಧನ ಮತ್ತು ಅದನ್ನು ಹೊರುವ ಚರ್ಮ, ಇವೆರಡರ ವಿಚಾರವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಈ ಸಾಧನ ಮಾಡುವುದೇನು?

ನಿರಂತರ ಗ್ಲೂಕೋಸ್ ಮಾಪಕ, ಅಂದರೆ ಸಿ.ಜಿ.ಎಂ. ಎಂದು ಇದನ್ನು ಕರೆಯುತ್ತಾರೆ. ನಾಣ್ಯದಷ್ಟು ಅಥವಾ ಅದಕ್ಕಿಂತ ತುಸು ದೊಡ್ಡದಾದ ಬಿಲ್ಲೆ. ಅದರ ಕೆಳಗೆ ಕೂದಲಿನಷ್ಟು ತೆಳುವಾದ, ಸುಮಾರು 5 ಮಿಲಿಮೀಟರ್ ಉದ್ದದ ಎಳೆಯೊಂದು ಇರುತ್ತದೆ. ಅಂಟಿಸುವ ಕ್ಷಣದಲ್ಲಿ ಒಂದು ಸೂಜಿಯು ಈ ಎಳೆಯನ್ನು ಚರ್ಮದೊಳಗೆ ಸೇರಿಸಿ ತಾನು ಹಿಂದೆ ಸರಿಯುತ್ತದೆ. ಒಳಗೆ ಉಳಿಯುವುದು ಸೂಜಿಯಲ್ಲ, ಬಾಗುವ ಎಳೆ ಮಾತ್ರ. ಅದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಣ ದ್ರವದಲ್ಲಿನ ಗ್ಲೂಕೋಸನ್ನು ಅಳೆಯುತ್ತದೆ. ಆದಕಾರಣ ರಕ್ತದ ಪ್ರಮಾಣಕ್ಕಿಂತ ಐದು ಹತ್ತು ನಿಮಿಷ ಹಿಂದೆ ಇರುತ್ತದೆ. ಒಮ್ಮೆ ಅಂಟಿಸಿದ ಸೆನ್ಸರ್ ಅದರ ಮಾದರಿಗೆ ತಕ್ಕಂತೆ 10ರಿಂದ 15 ದಿನಗಳವರೆಗೆ ಕೆಲಸ ಮಾಡುತ್ತದೆ.

ಬೆರಳು ಚುಚ್ಚಿ ನೋಡುವ ಪರೀಕ್ಷೆಯು ಒಂದು ಕ್ಷಣದ ಚಿತ್ರವನ್ನು ಕೊಡುತ್ತದೆ. ಸೆನ್ಸರ್ ಹಗಲು ರಾತ್ರಿಯ ಏರಿಳಿತವನ್ನೆಲ್ಲ ರೇಖೆಯಾಗಿ ತೋರಿಸುತ್ತದೆ. ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿಯ ಪ್ರಸಾದ ಸ್ವೀಕರಿಸಿದ ಮೇಲೆ ಆ ರೇಖೆ ಎಷ್ಟು ಮೇಲೇರಿತು, ಒಂದು ಮೈಲಿ ನಡೆದ ಮೇಲೆ ಎಷ್ಟು ಇಳಿಯಿತು ಎಂಬುದನ್ನು ರೋಗಿಯು ತಾನೇ ಕಣ್ಣಾರೆ ಕಾಣುತ್ತಾನೆ. ಎಲ್ಲಕ್ಕೂ ಮಿಗಿಲಾಗಿ, ಸಕ್ಕರೆಯು 70 ಮಿ.ಗ್ರಾಂ.ಗಿಂತ ಕೆಳಗೆ ಇಳಿಯತೊಡಗಿದಾಗ ನಿದ್ರೆಯಲ್ಲಿದ್ದವರನ್ನೂ ಎಚ್ಚರಿಸುವ ಗಂಟೆ ಇದರಲ್ಲಿದೆ.

ಇದು ಎಲ್ಲ ಮಧುಮೇಹಿಗಳಿಗೂ ಬೇಕೆಂದೇನೂ ಇಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು, ಅದರಲ್ಲಿಯೂ ಬಾಲ್ಯದಿಂದಲೇ ಟೈಪ್ 1 ಮಧುಮೇಹ ಇರುವವರು, ಪದೇ ಪದೇ ಸಕ್ಕರೆ ಇಳಿಯುವವರು, ಇಳಿದುದರ ಅರಿವೇ ಆಗದ ವೃದ್ಧರು, ಮಧುಮೇಹವಿರುವ ಗರ್ಭಿಣಿಯರು, ಇವರಿಗೆ ಇದು ದೊಡ್ಡ ಆಸರೆ. ಮಾತ್ರೆಗಳಿಂದಲೇ ಸಕ್ಕರೆ ಹಿಡಿತದಲ್ಲಿರುವವರಿಗೆ ಬೆರಳಿನ ಪರೀಕ್ಷೆ ಹಾಗೂ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಸಾಕಾಗುತ್ತದೆ. ಪ್ರತಿ ಸೆನ್ಸರಿಗೂ ಕೆಲವು ಸಾವಿರ ರೂಪಾಯಿ ವೆಚ್ಚವಾಗುವುದರಿಂದ, ತಮಗೆ ಇದು ಅಗತ್ಯವೇ ಎಂಬುದನ್ನು ಮೊದಲು ವೈದ್ಯರಲ್ಲಿ ಕೇಳಿ ನಿರ್ಧರಿಸುವುದು ಒಳಿತು.

ಮಧುಮೇಹಿಯ ಚರ್ಮ ಬೇರೆ

ನಮ್ಮ ಪ್ರಾಚೀನ ಆಚಾರ್ಯರು ಪ್ರಮೇಹವನ್ನು 20 ಬಗೆಯಾಗಿ ವಿಂಗಡಿಸಿದ್ದಾರೆ. ಪ್ರಮೇಹಿಯ ಮೈಗೆ ಹಾಗೂ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕ ಸಂಹಿತೆಯು ರೋಗದ ಮುನ್ಸೂಚನೆಯೆಂದು ಎಣಿಸುತ್ತದೆ. ಚರಕರು ಚರ್ಮಕ್ಕೆ 6 ಪದರಗಳೆಂದರೆ ಸುಶ್ರುತರು 7 ಎನ್ನುತ್ತಾರೆ. ಪ್ರಮೇಹದಲ್ಲಿ ಏಳುವ ಪಿಡಕಗಳನ್ನು, ಅಂದರೆ ಕುರುಗಳನ್ನು, ಈ ಗ್ರಂಥಗಳು ಪ್ರತ್ಯೇಕವಾಗಿಯೇ ವಿವರಿಸಿವೆ. ಈ ರೋಗಿಯ ಚರ್ಮಕ್ಕೆ ವಿಶೇಷ ಕಾಳಜಿ ಬೇಕೆಂಬ ತಿಳಿವಳಿಕೆ ಹೊಸದಲ್ಲ.

ಇಂದಿನ ವೈದ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ. ಸಕ್ಕರೆ ಹೆಚ್ಚಿದ ಮೈಯಲ್ಲಿ ಚರ್ಮ ಒಣಗುತ್ತದೆ, ಸಣ್ಣ ಗಾಯ ಮಾಯಲು ತಡವಾಗುತ್ತದೆ, ಸೋಂಕು ಬೇಗ ತಗಲುತ್ತದೆ. ವಯಸ್ಸಾದಂತೆ ಚರ್ಮವು ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ, ಅಂಟುಪಟ್ಟಿಯನ್ನು ರಭಸದಿಂದ ಎಳೆದರೆ ಮೇಲ್ಪದರವೇ ಕಿತ್ತುಬರುವುದುಂಟು. ಅಂತಹ ಚರ್ಮದ ಮೇಲೆ ಹತ್ತು ಹದಿನೈದು ದಿನ ಗಾಳಿಯಾಡದಂತೆ ಅಂಟೊಂದು ಕುಳಿತಿರುತ್ತದೆ. ಅದರಡಿಯಲ್ಲಿ ಬೆವರು. ರಾಯಚೂರು, ಕಲಬುರಗಿ, ವಿಜಯಪುರ ಸೀಮೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಆ ಜಾಗದ ಪಾಡನ್ನು ಯಾರು ಬೇಕಾದರೂ ಊಹಿಸಬಹುದು.

ಕೆರಳಿಕೆಯೋ, ಅಲರ್ಜಿಯೋ?

ಸೆನ್ಸರಿನಿಂದ ಚರ್ಮ ಕೆಂಪಗಾದರೆ ಎಲ್ಲವೂ ಒಂದೇ ಎಂದು ಭಾವಿಸುವುದು ಸಾಮಾನ್ಯ. ನಾನು ಎಸಗಿದ ತಪ್ಪೂ ಅದೇ. ವಾಸ್ತವದಲ್ಲಿ ಇಲ್ಲಿ ಎರಡು ಬಗೆಗಳಿವೆ. ಎರಡಕ್ಕೂ ದಾರಿ ಬೇರೆ.

ಮೊದಲನೆಯದು ಕೆರಳಿಕೆ. ಒತ್ತಡ, ಬೆವರು, ತೇವ, ಒರಟಾಗಿ ಕಿತ್ತದ್ದು ಇವುಗಳಿಂದ ಚರ್ಮ ನೊಂದಿರುತ್ತದೆ. ಕೆಂಪು ಬಣ್ಣವು ಅಂಟು ತಗಲಿದ ಜಾಗಕ್ಕಷ್ಟೇ ಸೀಮಿತ. ತುರಿಕೆಗಿಂತ ಉರಿ ಹೆಚ್ಚು. ಸೆನ್ಸರ್ ತೆಗೆದ ಬಳಿಕ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಹೆಚ್ಚಿನವರಿಗೆ ಆಗುವುದು ಇದೇ. ಅಂಟಿಸುವ ಹಾಗೂ ತೆಗೆಯುವ ಕ್ರಮವನ್ನು ಸರಿಪಡಿಸಿಕೊಂಡರೆ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಎರಡನೆಯದು ಅಲರ್ಜಿ, ಅಂದರೆ ಅಂಟಿನಲ್ಲಿರುವ ಯಾವುದೋ ಒಂದು ರಾಸಾಯನಿಕವನ್ನು ದೇಹವು ಶತ್ರುವೆಂದು ಗುರುತಿಸಿಟ್ಟುಕೊಳ್ಳುವುದು. ಇದು ಮೊದಲ ದಿನವೇ ತೋರುವುದು ಅಪರೂಪ. ವಾರಗಳು, ಕೆಲವೊಮ್ಮೆ ತಿಂಗಳುಗಳು ಸುಖವಾಗಿ ಧರಿಸಿದ ಮೇಲೆ ಆರಂಭವಾಗುತ್ತದೆ. ತೀವ್ರವಾದ ತುರಿಕೆ, ಸಣ್ಣ ನೀರ್ಗುಳ್ಳೆ, ಒಸರುವಿಕೆ. ಕೆಂಪು ಅಂಟಿನ ಅಂಚನ್ನು ದಾಟಿ ಹರಡುತ್ತದೆ. ಮುಖ್ಯವಾದ ಗುರುತೆಂದರೆ, ಪ್ರತಿ ಹೊಸ ಸೆನ್ಸರಿಗೂ ಮೊದಲಿಗಿಂತ ಬೇಗನೆ ಮರುಕಳಿಸುತ್ತದೆ. “ಇಷ್ಟು ದಿನ ಇಲ್ಲದ್ದು ಈಗೇಕೆ?” ಎಂದು ರೋಗಿಗಳು ಕೇಳುತ್ತಾರೆ. ಅಲರ್ಜಿಯ ಸ್ವಭಾವವೇ ಹಾಗೆ.

ಇದು ನಮಗೆ ತೀರ ಅಪರಿಚಿತವಾದ ಸಂಗತಿಯೂ ಅಲ್ಲ. ಅಂಟಿಸುವ ಬೊಟ್ಟನ್ನು ವರ್ಷಗಟ್ಟಲೆ ಇಟ್ಟುಕೊಂಡ ಸ್ತ್ರೀಯರಲ್ಲಿ ಕೆಲವರಿಗೆ ಹಣೆಯ ಅದೇ ಜಾಗದಲ್ಲಿ ತುರಿಕೆಯಾಗಿ, ಕೊನೆಗೆ ಬಿಳಿಯ ಕಲೆ ಉಳಿಯುವುದನ್ನು ಕಂಡಿದ್ದೇವೆ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಭಲ್ಲಾತಕದ, ಅಂದರೆ ಕರಿಗೇರಿನ ರಸದಿಂದ ಕೆಲವರಿಗೆ ಕುತ್ತಿಗೆಯಲ್ಲಿ ಗುಳ್ಳೆ ಏಳುತ್ತಿತ್ತು. ಸೆನ್ಸರಿನ ಅಲರ್ಜಿ ಇದೇ ಜಾತಿಗೆ ಸೇರಿದ್ದು.

ಇದರ ಹಿಂದಿರುವ ಒಂದು ಮುಖ್ಯ ವಸ್ತುವನ್ನು 2017ರಲ್ಲಿ ಯೂರೋಪಿನ ಚರ್ಮತಜ್ಞರು ಗುರುತಿಸಿದರು. ಅದರ ಹೆಸರು ಐಸೋಬಾರ್ನೈಲ್ ಅಕ್ರಿಲೇಟ್. ಸೋಜಿಗವೆಂದರೆ, ಅದು ಚರ್ಮಕ್ಕೆ ತಗಲುವ ಅಂಟಿನಲ್ಲಿ ಮಾತ್ರವಲ್ಲ, ಬಿಲ್ಲೆಯ ಪ್ಲಾಸ್ಟಿಕ್ ಭಾಗಗಳನ್ನು ಜೋಡಿಸುವ ಗೋಂದಿನಲ್ಲಿಯೂ ಇದ್ದು, ಅಲ್ಲಿಂದ ಮೆಲ್ಲನೆ ಚರ್ಮದತ್ತ ಇಳಿಯುತ್ತಿತ್ತು. ಅಮೆರಿಕದ ಸಂಪರ್ಕಜನ್ಯ ಚರ್ಮರೋಗ ತಜ್ಞರ ಸಂಘವು 2020ರಲ್ಲಿ ಇದನ್ನು ಆ ವರ್ಷದ ಪ್ರಮುಖ ಅಲರ್ಜಿಕಾರಕವೆಂದು ಸಾರಿ ಎಲ್ಲ ವೈದ್ಯರ ಗಮನ ಸೆಳೆಯಿತು. ಅನಂತರ ಈ ವಸ್ತುವಿಲ್ಲದ ಸೆನ್ಸರುಗಳೂ ಬಂದಿವೆ. ಪೈನ್ ಮರದ ರಾಳದಿಂದ ತಯಾರಾಗುವ ಅಂಟುಗಳೂ ಕೆಲವರಿಗೆ ಒಗ್ಗುವುದಿಲ್ಲ.

ನಿಮಗೆ ಇರುವುದು ಅಲರ್ಜಿಯೇ, ಯಾವುದರ ಅಲರ್ಜಿ ಎಂಬುದನ್ನು ಚರ್ಮತಜ್ಞರು ಪ್ಯಾಚ್ ಟೆಸ್ಟ್ ಮಾಡಿ ತಿಳಿಯುತ್ತಾರೆ. ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, ಎರಡು ದಿನಗಳ ನಂತರ ತೆಗೆದು, ಮತ್ತೆರಡು ದಿನಗಳಲ್ಲಿ ಇನ್ನೊಮ್ಮೆ ನೋಡುತ್ತಾರೆ. ಅಲರ್ಜಿ ಖಚಿತವಾದರೆ ಅದೇ ಸೆನ್ಸರನ್ನು ಹಟಹಿಡಿದು ಧರಿಸುವುದರಿಂದ ಫಲವಿಲ್ಲ; ಆ ವಸ್ತುವಿಲ್ಲದ ಬೇರೆ ಸೆನ್ಸರಿಗೆ ಬದಲಾಯಿಸುವುದೇ ದಾರಿ.

ಅಂಟಿಸುವ ಮುನ್ನ

ಸೂಕ್ಷ್ಮ ಚರ್ಮದವರಿಗೆ ಅರ್ಧ ಗೆಲುವು ಈ ಸಿದ್ಧತೆಯಲ್ಲಿಯೇ ಇದೆ. ಕೆಳಗಿನ ಕ್ರಮವನ್ನು ಅನುಸರಿಸಬೇಕು.

1. ಜಾಗದ ಆಯ್ಕೆ: ಹೆಚ್ಚಿನ ಸೆನ್ಸರುಗಳನ್ನು ಮೇಲ್ತೋಳಿನ ಹಿಂಭಾಗದಲ್ಲಿ ಧರಿಸುತ್ತಾರೆ. ಗಾಯದ ಕಲೆ, ಮಚ್ಚೆ, ಬೆವರುಸಾಲೆ ಇರುವ ಕಡೆ ಬೇಡ. ಇನ್ಸುಲಿನ್ ಚುಚ್ಚುವ ಸ್ಥಳದಿಂದ ಕನಿಷ್ಠ ಒಂದು ಅಂಗುಲ ದೂರವಿರಬೇಕು. ಸ್ತ್ರೀಯರು ಕುಪ್ಪಸದ ತೋಳಿನ ಅಂಚು ಎಲ್ಲಿ ಬಿಗಿಯುತ್ತದೆಂಬುದನ್ನು ನೋಡಿಕೊಂಡು, ಆ ಗೆರೆಯನ್ನು ತಪ್ಪಿಸಬೇಕು. ಪ್ರತಿಸಲವೂ ತೋಳು ಬದಲಿಸಿ. ಹಳೆಯ ಜಾಗವು ಪೂರ್ತಿ ಮಾಗುವವರೆಗೆ ಅಲ್ಲಿ ಮತ್ತೆ ಅಂಟಿಸಬಾರದು.

2. ಶುಚಿ: ಸುಗಂಧವಿಲ್ಲದ ಸಾದಾ ಸೋಪಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಉಜ್ಜಬಾರದು. ಬಿಸಿನೀರಿನ ಸ್ನಾನವಾದ ಕೂಡಲೇ ಅಂಟಿಸದೆ, ಮೈ ತಣಿದು ಬೆವರಾರಿದ ಮೇಲೆ ಅಂಟಿಸಬೇಕು. ಅನಂತರ ಸ್ಪಿರಿಟ್ ಹತ್ತಿಯಿಂದ ಒರೆಸಿ, ಅದು ತಾನಾಗಿಯೇ ಪೂರ್ತಿ ಒಣಗಲು ಬಿಡಬೇಕು. ಬಾಯಿಂದ ಊದಬಾರದು. ಒದ್ದೆ ಸ್ಪಿರಿಟ್‌ನ ಮೇಲೆ ಅಂಟು ಕುಳಿತರೆ ಉರಿಯೂ ಆಗುತ್ತದೆ, ಅಂಟೂ ನಿಲ್ಲುವುದಿಲ್ಲ.

3. ಎಣ್ಣೆ ಮತ್ತು ಪುಡಿ: ಅಭ್ಯಂಗ ಸ್ನಾನವನ್ನು ಹಿಂದಿನ ದಿನವೇ ಮುಗಿಸಿಕೊಳ್ಳಿ. ಎಣ್ಣೆಯ ಜಿಡ್ಡು, ಕ್ರೀಮು, ಪೌಡರು ಇದ್ದಲ್ಲಿ ಅಂಟು ಹಿಡಿಯುವುದಿಲ್ಲ. ನಮ್ಮವರಿಗೆ ಮುಖ್ಯವಾಗಿ ಹೇಳಬೇಕಾದ ಮಾತೊಂದಿದೆ. ಪೂಜೆಯ ವೇಳೆ ತೋಳುಗಳಿಗೆ ವಿಭೂತಿಯನ್ನು ಧರಿಸುವಾಗ ಸೆನ್ಸರಿನ ಜಾಗವನ್ನು ಬಿಟ್ಟು ಮುಂಭಾಗದಲ್ಲಿ ಧರಿಸಿರಿ. ವಿಭೂತಿಯ ನುಣ್ಣನೆಯ ಕಣಗಳು ಅಂಟಿನ ಅಂಚಿನೊಳಗೆ ಸೇರಿದರೆ ಅಲ್ಲಿಂದಲೇ ಅದು ಬಿಡತೊಡಗುತ್ತದೆ. ಬಿಟ್ಟ ಅಂಚಿನಲ್ಲಿ ಬೆವರು ನಿಂತು ತುರಿಕೆ ಹುಟ್ಟುತ್ತದೆ.

4. ಕೂದಲು: ದಟ್ಟವಾಗಿದ್ದರೆ ಕತ್ತರಿಯಿಂದ ಅಥವಾ ಟ್ರಿಮ್ಮರಿನಿಂದ ಕಿರಿದಾಗಿಸಬೇಕು. ಬ್ಲೇಡಿನಿಂದ ಬೋಳಿಸಿದರೆ ಕಣ್ಣಿಗೆ ಕಾಣದ ಗೀರುಗಳಾಗಿ ಉರಿ ಹೆಚ್ಚುತ್ತದೆ.

5. ರಕ್ಷಣೆಯ ಪದರ: ಔಷಧದಂಗಡಿಗಳಲ್ಲಿ ಬ್ಯಾರಿಯರ್ ಫಿಲ್ಮ್ ಎಂಬ ಹೆಸರಿನಲ್ಲಿ ದ್ರವ ಅಥವಾ ಒರೆಸುವ ತುಂಡುಗಳು ದೊರೆಯುತ್ತವೆ. ಹಚ್ಚಿದರೆ ಚರ್ಮದ ಮೇಲೆ ತೆಳುಪೊರೆಯೊಂದು ಏರ್ಪಟ್ಟು, ಅಂಟು ನೇರವಾಗಿ ಚರ್ಮಕ್ಕೆ ತಗಲುವುದನ್ನು ತಗ್ಗಿಸುತ್ತದೆ. ಇದನ್ನು ಅಂಟು ಕೂಡುವಷ್ಟು ಜಾಗಕ್ಕೆ ಹಚ್ಚಿ, ಎಳೆ ಒಳಹೋಗುವ ನಡುವಣ ಭಾಗವನ್ನು ಖಾಲಿ ಬಿಡಬೇಕು. ಪೂರ್ತಿ ಒಣಗಿದ ಮೇಲೆ ಮಾತ್ರ ಸೆನ್ಸರ್ ಅಂಟಿಸಬೇಕು. ಕೆರಳಿಕೆ ಇರುವವರಿಗೆ ಇದು ಚೆನ್ನಾಗಿ ಒದಗುತ್ತದೆ. ನಿಜವಾದ ಅಲರ್ಜಿ ಇರುವವರಿಗೆ ಎಷ್ಟೋ ಸಲ ಸಾಲುವುದಿಲ್ಲ. ಅಂತಹವರಿಗೆ ಕೆಲವು ತಜ್ಞರು ಚರ್ಮದ ಮೇಲೆ ಮೊದಲು ಔಷಧದ ಸ್ಪ್ರೇ ಬಳಸಲು ಹೇಳುವುದುಂಟು. ಅದನ್ನು ಅವರ ಮಾತಿನಂತೆಯೇ ಮಾಡಬೇಕು, ಕೇಳಿದ ಮಾತಿನ ಮೇಲೆ ಮಾಡಬಾರದು.

ಧರಿಸಿರುವ ದಿನಗಳಲ್ಲಿ

ಅಂಟಿಸಿದ ಮೇಲೆ ಅಂಚಿನ ಸುತ್ತ ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅಂಟು ಚೆನ್ನಾಗಿ ಕೂಡುತ್ತದೆ. ಸ್ನಾನದಲ್ಲಿ ಆ ಜಾಗವನ್ನು ತಿಕ್ಕದೆ, ಬಳಿಕ ಒತ್ತಿ ಒಣಗಿಸಬೇಕು. ಹೊಲದ ಕೆಲಸದಲ್ಲಿರುವವರು, ಕೊಡ ಹೊರುವವರು, ಬಿಂದಿಗೆಯನ್ನು ತೋಳಿಗೆ ಒತ್ತಿಕೊಳ್ಳುವವರು ಎಚ್ಚರ ವಹಿಸಬೇಕು. ಹೆಗಲ ಚೀಲದ ಪಟ್ಟಿ ಅದರ ಮೇಲೆ ಬರಬಾರದು.

ಮಲಗುವಾಗ ಸೆನ್ಸರ್ ಇರುವ ತೋಳಿನ ಮೇಲೆ ಭಾರ ಹಾಕಬಾರದು. ಅದರಿಂದ ಚರ್ಮಕ್ಕೆ ನೋವಾಗುವುದಷ್ಟೇ ಅಲ್ಲ. ಒತ್ತಡಕ್ಕೆ ಸಿಲುಕಿದ ಸೆನ್ಸರ್ ಇಲ್ಲದ ಇಳಿತವನ್ನು ತೋರಿಸಿ ನಡುರಾತ್ರಿ ಗಂಟೆ ಬಾರಿಸುವುದುಂಟು. ಹಾಗೆ ಬಾರಿಸಿದಾಗ ಅಲಕ್ಷಿಸದೆ, ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ಖಚಿತಪಡಿಸಿಕೊಳ್ಳಬೇಕು. ಮೈ ನಡುಗುವುದು, ತಣ್ಣನೆಯ ಬೆವರು, ಎದೆಬಡಿತ ಇದ್ದರೆ ಪರೀಕ್ಷೆಗೂ ಕಾಯದೆ ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಗಳ ನಂತರ ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕೊಂಡೊಯ್ಯಬೇಕು.

ಅಂಚು ಬಿಡತೊಡಗಿದರೆ ಮೇಲೊಂದು ಪಟ್ಟಿ ಹಾಕಬಹುದು. ಆದರೆ ಸಿಕ್ಕ ಪಟ್ಟಿಯನ್ನೆಲ್ಲ ಹಾಕುವುದು ಬೇಡ. ಸೂಕ್ಷ್ಮ ಚರ್ಮದವರು ಆ ಪಟ್ಟಿಯ ಚಿಕ್ಕ ತುಂಡನ್ನು ಇನ್ನೊಂದು ತೋಳಿಗೆ ಎರಡು ದಿನ ಅಂಟಿಸಿ ನೋಡುವುದು ಲೇಸು. ಸೆನ್ಸರಿನ ನಡುವೆ ಚಿಕ್ಕ ರಂಧ್ರವಿದ್ದರೆ ಅದನ್ನು ಮುಚ್ಚಬಾರದು.

ತೆಗೆಯುವ ಕ್ರಮ

ಸೆನ್ಸರಿನಿಂದ ಆಗುವ ಎಷ್ಟೋ ಗಾಯಗಳು ಅದನ್ನು ಧರಿಸುವುದರಿಂದ ಅಲ್ಲ, ಕೀಳುವುದರಿಂದ ಆಗುತ್ತವೆ. ಒಂದೇ ಏಟಿಗೆ ಎಳೆದರೆ ನೋವು ಕಡಿಮೆ ಎಂಬುದು ತಪ್ಪು ತಿಳಿವಳಿಕೆ.

ಕೊಬ್ಬರಿ ಎಣ್ಣೆಯನ್ನು ಅಂಚಿನ ಸುತ್ತ ಹಚ್ಚಿ ಐದು ಹತ್ತು ನಿಮಿಷ ಬಿಡಿ. ಅಂಟು ಮೆತ್ತಗಾಗುತ್ತದೆ. ಒಂದು ಬೆರಳಿನಿಂದ ಪಕ್ಕದ ಚರ್ಮವನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಪಟ್ಟಿಯನ್ನು ಮೇಲಕ್ಕೆತ್ತದೆ, ಚರ್ಮಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಮಡಚುತ್ತ ಕೂದಲು ಬೆಳೆದ ದಿಕ್ಕಿನಲ್ಲಿ ನಿಧಾನವಾಗಿ ಬಿಡಿಸಬೇಕು. ಬಿಡದ ಕಡೆ ಮತ್ತಷ್ಟು ಎಣ್ಣೆ. ಬಳಿಕ ಸೋಪಿನಿಂದ ತೊಳೆದು, ಸುಗಂಧವಿಲ್ಲದ ಮಾಯಿಶ್ಚರೈಸರ್ ಹಚ್ಚಬಹುದು. ಅಂಟಿಸುವಾಗ ಶತ್ರುವಾದ ಎಣ್ಣೆಯೇ ಬಿಡಿಸುವಾಗ ಮಿತ್ರನಾಗುತ್ತದೆ.

ಮನೆಮದ್ದಿನ ವಿಷಯದಲ್ಲಿ ಎಚ್ಚರ

ಆಯುರ್ವೇದ ವೈದ್ಯನಾಗಿ ಈ ಮಾತನ್ನು ನಾನೇ ಹೇಳುವುದು ಸೂಕ್ತ. ಗಿಡಮೂಲಿಕೆಯೆಂದ ಮಾತ್ರಕ್ಕೆ ಚರ್ಮಕ್ಕೆ ನಿರಪಾಯವಲ್ಲ. ಮೇಲೆ ಹೇಳಿದ ಭಲ್ಲಾತಕವೂ ಗಿಡದ್ದೇ, ಚರ್ಮವನ್ನು ಸುಡುವ ಬೆಳ್ಳುಳ್ಳಿಯೂ ಗಿಡದ್ದೇ. ಸೆನ್ಸರ್ ಅಂಟಿಸುವ ಮೊದಲು ಅಥವಾ ಅದರ ಸುತ್ತ ಅರಿಶಿನ, ಸುಣ್ಣ, ಬೇವಿನ ರಸ, ಬೆಳ್ಳುಳ್ಳಿ, ನಿಂಬೆರಸ ಯಾವುದನ್ನೂ ಹಚ್ಚಬಾರದು. ಒಳಗೆ ಎಳೆ ಹೊಕ್ಕ ಸಣ್ಣ ದ್ವಾರವಿದೆ, ಅದು ತೆರೆದ ಗಾಯಕ್ಕೆ ಸಮಾನ ಎಂಬುದನ್ನು ಮರೆಯಬಾರದು.

ಸೆನ್ಸರ್ ತೆಗೆದ ಮೇಲೆ, ಚರ್ಮ ಒಡೆದಿರದೆ ಬರಿಯ ಕೆಂಪಿದ್ದರೆ, ತಣ್ಣೀರಿನ ಬಟ್ಟೆಯ ಒತ್ತು ಸಾಕು. ನೀರ್ಗುಳ್ಳೆ ಇದ್ದರೆ ಒಡೆಯಬಾರದು. ಔಷಧದಂಗಡಿಯಲ್ಲಿ ಕೇಳಿ ತರುವ ಮುಲಾಮುಗಳದು ಇನ್ನೊಂದು ಅಪಾಯ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಮೂರನ್ನೂ ಬೆರೆಸಿದ ಅಂತಹ ಮುಲಾಮು ಮೊದಲಿಗೆ ತುರಿಕೆಯನ್ನು ಅಡಗಿಸಿ, ದಿನಗಳೆದಂತೆ ಚರ್ಮವನ್ನು ತೆಳುವಾಗಿಸುತ್ತದೆ. ಹುಳುಕಡ್ಡಿ ಇದ್ದರೆ ಅದನ್ನು ಹರಡಿಸುತ್ತದೆ. ಸ್ಟೀರಾಯ್ಡ್ ಮುಲಾಮು ಬೇಕೇ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು.

ಯಾವಾಗ ತೆಗೆಯಬೇಕು, ತೆಗೆದ ಮೇಲೆ ಏನು?

ಆ ಜಾಗ ಬಿಸಿಯಾಗಿ ಬಾತುಕೊಂಡಿದ್ದರೆ, ಕೀವು ಕಂಡರೆ, ನೋವು ಹೆಚ್ಚುತ್ತಿದ್ದರೆ, ಕೆಂಪು ದಿನೇ ದಿನೇ ಹರಡುತ್ತಿದ್ದರೆ, ಜ್ವರ ಬಂದರೆ, ದಿನಗಳು ಉಳಿದಿವೆಯೆಂದು ಲೆಕ್ಕ ಹಾಕದೆ ಸೆನ್ಸರನ್ನು ತೆಗೆದು ಅಂದೇ ವೈದ್ಯರನ್ನು ಕಾಣಬೇಕು. ಒಸರುವ ಗುಳ್ಳೆಗಳಿದ್ದರೂ ಹಾಗೆಯೇ. ಸೆನ್ಸರಿಗೆ ತೆತ್ತ ಹಣ ಹೋದರೆ ಹೋಗಲಿ. ಮಧುಮೇಹಿಯ ಗಾಯ ಕೆಟ್ಟರೆ ಅದರ ಬೆಲೆ ಇನ್ನೂ ಹೆಚ್ಚು.

ಆದರೆ ತೆಗೆದ ಆ ಗಳಿಗೆಯಿಂದಲೇ ಕಾವಲು ಇಲ್ಲವಾಗುತ್ತದೆ ಎಂಬುದನ್ನು ನೆನಪಿಡಬೇಕು. ಗಂಟೆ ಬಾರಿಸುವವರು ಇನ್ನಾರೂ ಇಲ್ಲ. ಆದುದರಿಂದ ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಬೆರಳು ಚುಚ್ಚುವ ಗ್ಲೂಕೋಮೀಟರ್ ಮತ್ತು ಅವಧಿ ಮುಗಿಯದ ಪಟ್ಟಿಗಳು ಸದಾ ಇರಬೇಕು. ಸೆನ್ಸರ್ ಇಲ್ಲದ ದಿನಗಳಲ್ಲಿ ಊಟಕ್ಕೆ ಮೊದಲು, ಮಲಗುವ ಮುನ್ನ, ವೈದ್ಯರು ಹೇಳಿದ್ದರೆ ನಡುರಾತ್ರಿಯಲ್ಲಿಯೂ ಪರೀಕ್ಷಿಸಿಕೊಳ್ಳಬೇಕು. ತೆಗೆದ ಸಂಗತಿಯನ್ನು ಮನೆಯವರಿಗೂ ವೈದ್ಯರಿಗೂ ಕೂಡಲೇ ತಿಳಿಸಬೇಕು. ಇನ್ಸುಲಿನ್ನನ್ನಾಗಲಿ ಮಾತ್ರೆಯನ್ನಾಗಲಿ ತಾವಾಗಿಯೇ ನಿಲ್ಲಿಸಬಾರದು, ಯಾರ ಮಾತು ಕೇಳಿಯೂ ನಿಲ್ಲಿಸಬಾರದು. ಈ ಮಾತು ನನ್ನಂಥ ವೈದ್ಯರು ಕೊಡುವ ಚೂರ್ಣ ಕಷಾಯಗಳನ್ನು ಸೇವಿಸುವವರಿಗೂ ಅನ್ವಯಿಸುತ್ತದೆ.

ಮನೆಯ ಕಿರಿಯರಲ್ಲಿಯೂ ಒಂದು ವಿನಂತಿ. ಸೆನ್ಸರ್ ಕೊಡಿಸಿ, ಮೊಬೈಲಿನಲ್ಲಿ ಅಂಕಿ ನೋಡಿದರೆ ಕರ್ತವ್ಯ ಮುಗಿಯಲಿಲ್ಲ. “ಸಕ್ಕರೆ ಎಷ್ಟಿದೆ?” ಎಂದು ಕೇಳುವಂತೆಯೇ “ತೋಳು ಹೇಗಿದೆ?” ಎಂದೂ ಕೇಳಿರಿ. ಹಿರಿಯರು ತಮ್ಮ ನೋವನ್ನು ಮಕ್ಕಳಿಗೆ ಹೊರೆಯಾಗಬಾರದೆಂದು ಮುಚ್ಚಿಡುತ್ತಾರೆ. ಊರಿಗೆ ಹೋದಾಗ ಆ ಜಾಗವನ್ನು ಕಣ್ಣಾರೆ ನೋಡಿರಿ. ಮೇಲ್ತೋಳಿನ ಹಿಂಭಾಗವು ಧರಿಸಿದವರ ಕಣ್ಣಿಗೆ ಕಾಣುವುದಿಲ್ಲ. ಇನ್ನೊಬ್ಬರು ನೋಡಿಯೇ ಹೇಳಬೇಕು.

ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ಅವರನ್ನು ಚರ್ಮತಜ್ಞರಲ್ಲಿಗೆ ಕಳುಹಿಸಿದೆನು. ಪ್ಯಾಚ್ ಟೆಸ್ಟ್‌ನಲ್ಲಿ ಅಲರ್ಜಿ ಖಚಿತವಾಯಿತು. ತೋಳು ಪೂರ್ತಿ ಮಾಯುವವರೆಗೆ ಸುಮಾರು ಒಂದು ತಿಂಗಳು ಬೆರಳಿನ ಪರೀಕ್ಷೆಯಲ್ಲಿಯೇ ಕಳೆದರು. ಆ ಅವಧಿಯಲ್ಲಿ ಸೊಸೆ ಬಂದು ಜೊತೆಗಿದ್ದಳು. ಮಧುಮೇಹ ತಜ್ಞರು ರಾತ್ರಿಯ ಇನ್ಸುಲಿನ್ ಪ್ರಮಾಣವನ್ನು ತಗ್ಗಿಸಿದರು. ಬಳಿಕ ಬೇರೆ ಬಗೆಯ ಸೆನ್ಸರ್ ಅಂಟಿಸಲಾಯಿತು. ಈಗ ಕೆಲವು ತಿಂಗಳುಗಳಿಂದ ಅದನ್ನು ಧರಿಸಿದ್ದಾರೆ. ತೆಗೆದ ದಿನ ತುಸು ಕೆಂಪಿರುತ್ತದೆ, ಮರುದಿನಕ್ಕೆ ಹೋಗುತ್ತದೆ.

ಮೊನ್ನೆ ಬಂದಾಗ ನಾನು ಹಿಂದೆ ಕೊಟ್ಟ ಸಲಹೆಗಾಗಿ ಅವರಲ್ಲಿ ಕ್ಷಮೆ ಕೇಳಿದೆನು. ಅವರು ನಕ್ಕು, “ನೀವು ತಿಳೀದ ಹೇಳಿದ್ರಿ, ನಾನು ಹೇಳದ ಕಿತ್ತೊಗದೆ. ಇಬ್ಬರದೂ ತಪ್ಪು ಐತಿ ಬಿಡ್ರಿ” ಎಂದರು. ಅವರ ಕ್ಷಮೆ ದೊಡ್ಡದು. ಆದರೆ ಒಂದು ವಿಷಯದಲ್ಲಿ ನಾನು ಅವರ ಮಾತನ್ನು ಒಪ್ಪಲಾರೆ. ತುರಿಕೆಯನ್ನು ಹೇಳಿಕೊಳ್ಳಲು ಬಂದವರ ಮಾತನ್ನು ಪೂರ್ತಿ ಕೇಳಬೇಕಾದುದು ವೈದ್ಯನ ಹೊಣೆ. ಎಷ್ಟು ದಿನಗಳ ನಂತರ ಶುರುವಾಯಿತು, ಅಂಚನ್ನು ದಾಟಿದೆಯೇ, ಹಿಂದಿನದಕ್ಕಿಂತ ಬೇಗ ಬಂತೇ ಎಂಬ ಮೂರು ಪ್ರಶ್ನೆಗಳನ್ನು ಅಂದು ನಾನು ಕೇಳಿದ್ದರೆ ಅಷ್ಟರಲ್ಲಿಯೇ ಉತ್ತರ ದೊರೆಯುತ್ತಿತ್ತು.

ಆ ಪ್ರಶ್ನೆಗಳನ್ನು ಓದುಗ ಬಂಧುಗಳು ನೆನಪಿನಲ್ಲಿಟ್ಟುಕೊಳ್ಳಲಿ. ನಿಮ್ಮ ಮನೆಯಲ್ಲಿ ಯಾರಾದರೂ ಸೆನ್ಸರ್ ಧರಿಸುತ್ತಿದ್ದರೆ ಇಂದು ಸಂಜೆಯೇ ಅವರ ತೋಳನ್ನೊಮ್ಮೆ ನೋಡಿರಿ. ಎಲ್ಲರಿಗೂ ಆರೋಗ್ಯ ಭಾಗ್ಯ ಲಭಿಸಲಿ. ಶರಣು ಶರಣಾರ್ಥಿ.